ಎಂಜಿನ್ ಸ್ವಾಪ್: ಜಪಾನಿನ ಆಟೋಮ್ಯಾಟಿಕ್ ಸೆಡಾನುಗಳಲ್ಲಿ

ಕಾರ್ಖಾನೆಯಲ್ಲಿ ಕೂರಿಸಿದ ಎಂಜಿನ್ನನ್ನು ಇಳಿಸಿ, ಅದರ ಜಾಗಕ್ಕೆ ಹೆಚ್ಚು ಬಲದ ಇನ್ನೊಂದನ್ನು ಏರಿಸುವ ಕೆಲಸಕ್ಕೆ ಗ್ಯಾರೇಜುಗಳಲ್ಲಿ ಎಂಜಿನ್ ಸ್ವಾಪ್ ಎನ್ನುತ್ತಾರೆ. ಹಳೆಯದಾದ ಈ ಅಭ್ಯಾಸ 1990ರ ದಶಕದ ಜಪಾನಿ ಸೆಡಾನುಗಳಲ್ಲಿ ತನ್ನದೇ ಒಂದು ರೂಪ ಪಡೆಯಿತು. ಹೊರಗಿನಿಂದ ನೋಡಿದರೆ ಕಚೇರಿಗೆ ಹೋಗಿಬರುವ ನಾಲ್ಕು ಬಾಗಿಲಿನ ಸಾಧು ಕಾರು. ಕ್ಲಚ್ ಪೆಡಲ್ ಇಲ್ಲ, ಗೇರು ತಾನಾಗಿಯೇ ಬೀಳುತ್ತದೆ. ಬಾನೆಟ್ ಎತ್ತಿದರೆ ಒಳಗಿರುವುದು ಸ್ಪೋರ್ಟ್ಸ್ ಕಾರಿನ ಟರ್ಬೊ ಎಂಜಿನ್. ಇಂಥ ಕಾರು ಕಟ್ಟಲು ಹೊರಟವರ ತಲೆಯಲ್ಲಿ ಮೊದಲು ತುಂಬಿರುವುದು ಎಂಜಿನ್ನೇ. ಆದರೆ ಕಾರು ವರ್ಷಗಟ್ಟಲೆ ಓಡುತ್ತದೆಯೋ, ಕೆಲವೇ ತಿಂಗಳಲ್ಲಿ ಶೆಡ್ಡು ಸೇರುತ್ತದೆಯೋ ಎಂಬುದನ್ನು ಬಹುಪಾಲು ಸಲ ತೀರ್ಮಾನಿಸುವುದು ಎಂಜಿನ್ನಿನ ಬೆನ್ನಿಗಿರುವ ಆಟೋಮ್ಯಾಟಿಕ್ ಗೇರ್‌ಬಾಕ್ಸು ಮತ್ತು ಅದನ್ನು ಆಳುವ ವೈರಿಂಗು.

ಜಪಾನಿನ ಕಾರುಗಳು ಈ ಕೆಲಸಕ್ಕೆ ಇಷ್ಟು ಒದಗಿಬಂದದ್ದು ಅವು ಹುಟ್ಟಿದ ರೀತಿಯಿಂದ. ಟೊಯೋಟಾ ಕಂಪನಿ ಒಂದೇ ಅಡಿಪಾಯದ ಮೇಲೆ ಮಾರ್ಕ್ 2, ಚೇಸರ್, ಕ್ರೆಸ್ಟಾ ಎಂಬ ಮೂರು ಹಿಂಚಕ್ರ ಚಾಲನೆಯ ಸೆಡಾನುಗಳನ್ನು ಮಾರುತ್ತಿತ್ತು. 1996ರಲ್ಲಿ ಬಂದ ಎಕ್ಸ್100 ತಲೆಮಾರಿನಲ್ಲಿ ತಳದ ದರ್ಜೆಗೆ 1.8 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಇತ್ತು, ಅದರ ಮೇಲೆ 2 ಲೀಟರಿನ ಆರು ಸಿಲಿಂಡರ್. ‘ಟೂರರ್ ವಿ’ ಎಂಬ ಬಲಶಾಲಿ ದರ್ಜೆಗೆ 2.5 ಲೀಟರಿನ ಟರ್ಬೊ. ಬಾಡಿ ಎಲ್ಲಕ್ಕೂ ಒಂದೇ. ಹೀಗಾಗಿ 2 ಲೀಟರಿನ ಜಿಎಕ್ಸ್100 ಇರುವವರು ಟೂರರ್ ವಿ ಎಂಜಿನ್ ಹಾಕಲು ಹೊರಟರೆ, ಬೇಕಾದ ಮೌಂಟು, ಪೈಪು, ರೇಡಿಯೇಟರು, ಪ್ರೊಪೆಲ್ಲರ್ ಶಾಫ್ಟು ಎಲ್ಲವೂ ಅದೇ ಕಾರಿನ ಬಿಡಿಭಾಗಗಳ ಪಟ್ಟಿಯಲ್ಲಿ ಸಿಗುತ್ತವೆ. ನಿಸಾನ್ ಬಳಗದಲ್ಲೂ ಹೀಗೆಯೇ ನಡೆಯಿತು. ಸೆಫಿರೊ ಎ31, ಲಾರೆಲ್ ಸಿ33, ನಾಲ್ಕು ಬಾಗಿಲಿನ ಸ್ಕೈಲೈನ್ ಇವೆಲ್ಲ ಆರ್‌ಬಿ ಸರಣಿಯ ಆರು ಸಿಲಿಂಡರ್ ಎಂಜಿನ್ನುಗಳನ್ನು ಹಂಚಿಕೊಂಡಿದ್ದವು. 2 ಲೀಟರಿನ ಆರ್‌ಬಿ20 ಇದ್ದ ಸೆಫಿರೊಗೆ ಆರ್33 ಸ್ಕೈಲೈನಿನ 2.5 ಲೀಟರಿನ ಟರ್ಬೊ ಏರಿಸುವುದು ಆ ಕಾಲದ ಡ್ರಿಫ್ಟ್ ಹುಡುಗರಿಗೆ ರೂಢಿಯಾಗಿಬಿಟ್ಟಿತ್ತು.

ಇನ್ನೊಂದು ಕಾರಣ ಒಂದು ಅಂಕಿ: 280. ಇಸವಿ 1989ರಲ್ಲಿ ನಿಸಾನಿನ ಫೇರ್‌ಲೇಡಿ ಝಡ್ 280 ಮೆಟ್ರಿಕ್ ಅಶ್ವಶಕ್ತಿಯೊಂದಿಗೆ ಬಂದ ಮೇಲೆ, ದೇಶದೊಳಗೆ ಮಾರುವ ಕಾರುಗಳಿಗೆ ಅದಕ್ಕಿಂತ ಹೆಚ್ಚು ಬಲ ನಮೂದಿಸಬಾರದೆಂದು ಜಪಾನಿನ ತಯಾರಕರು ತಮ್ಮತಮ್ಮಲ್ಲೇ ಒಪ್ಪಿಕೊಂಡರು. ಅದು ಕಾನೂನಾಗಿರಲಿಲ್ಲ, ಬರೀ ಒಪ್ಪಂದ. 2004ರಲ್ಲಿ ಹೋಂಡಾ ಲೆಜೆಂಡ್ 300 ಅಶ್ವಶಕ್ತಿಯೊಂದಿಗೆ ಬರುವವರೆಗೂ ಅದು ನಡೆಯಿತು. ಆ 15 ವರ್ಷ ಕಾಗದದ ಮೇಲಿನ ಅಂಕಿ ಮೇಲೇರಲಿಲ್ಲ, ಆದರೆ ಎಂಜಿನ್ನುಗಳ ಎಲುಬು ಮಾತ್ರ ಗಟ್ಟಿಯಾಗುತ್ತಲೇ ಹೋಯಿತು. ಟೊಯೋಟಾದ ಮೂರು ಲೀಟರಿನ 2ಜೆಝಡ್-ಜಿಟಿಇ ಎಂಜಿನ್ ಜಪಾನಿನಲ್ಲಿ 280 ಎಂದು ನಮೂದಾಗುತ್ತಿದ್ದಾಗ, ಅಮೆರಿಕಕ್ಕೆ ಹೋದ ಸುಪ್ರಾದಲ್ಲಿ ಬೇರೆ ಟರ್ಬೊ ಮತ್ತು ದೊಡ್ಡ ಇಂಜೆಕ್ಟರುಗಳೊಂದಿಗೆ 320 ಅಶ್ವಶಕ್ತಿ ಕೊಡುತ್ತಿತ್ತು. ಬ್ಲಾಕು, ಕ್ರ್ಯಾಂಕ್ ಶಾಫ್ಟು ಅವೇ.

ಜೆಝಡ್ ಬಳಗದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಇಂಥ ಸೆಡಾನುಗಳ ಕಥೆಯಲ್ಲಿ ಬಹುಭಾಗ ಇದರದ್ದೇ. 1990ರಲ್ಲಿ ಬಂದ 1ಜೆಝಡ್-ಜಿಟಿಇ 2,492 ಸಿಸಿಯದು. ಸಿಲಿಂಡರಿನ ಅಡ್ಡಳತೆ 86 ಮಿಲಿಮೀಟರ್, ಪಿಸ್ಟನ್ನಿನ ಓಟ 71.5. ಮೊದಲು ಎರಡು ಚಿಕ್ಕ ಟರ್ಬೊಗಳಿದ್ದವು. 1996ರಲ್ಲಿ ಒಂದೇ ಟರ್ಬೊ ಬಂತು, ಜೊತೆಗೆ ವಾಲ್ವ್ ತೆರೆಯುವ ಸಮಯವನ್ನು ಬದಲಿಸುವ ವಿವಿಟಿ-ಐ ಸೇರಿತು. ಎರಡರಲ್ಲೂ ಗರಿಷ್ಠ ಬಲ 280ರಲ್ಲೇ ನಿಂತಿದ್ದರೂ ಓಡಿಸುವವನಿಗೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಹಳೆಯದು ತನ್ನ 363 ನ್ಯೂಟನ್ ಮೀಟರ್ ಟಾರ್ಕಿನ ತುದಿ ಮುಟ್ಟುವುದು 4,800 ಆರ್‌ಪಿಎಂನಲ್ಲಿ. ಹೊಸದು ಅದಕ್ಕಿಂತ ತುಸು ಹೆಚ್ಚಿನದನ್ನು 2,400ರಲ್ಲೇ ಕೊಡುತ್ತದೆ. ಆಟೋಮ್ಯಾಟಿಕ್ ಕಾರಿಗೆ ಈ ಎರಡನೆಯ ಸ್ವಭಾವವೇ ಹೇಳಿಮಾಡಿಸಿದ್ದು. ಟ್ರಾಫಿಕ್ಕಿನಲ್ಲಿ ಎಂಜಿನ್ನನ್ನು ಕಿರುಚಿಸದೆ ಬಲ ಸಿಗುತ್ತದೆ, ಗೇರ್‌ಬಾಕ್ಸು ಪದೇ ಪದೇ ಕೆಳಗಿಳಿಯಬೇಕಾಗಿಲ್ಲ.

2ಜೆಝಡ್-ಜಿಟಿಇ 1991ರಲ್ಲಿ ಮೊದಲು ಬಂದದ್ದು ಸುಪ್ರಾದಲ್ಲಲ್ಲ, ಅರಿಸ್ಟೊ ಎಂಬ ದೊಡ್ಡ ಸೆಡಾನಿನಲ್ಲಿ. ಸುಪ್ರಾಗೆ ಬಂದದ್ದು 1993ರಲ್ಲಿ. ಅಡ್ಡಳತೆಯೂ ಓಟವೂ 86 ಮಿಲಿಮೀಟರ್, 2,997 ಸಿಸಿ, ಬೀಡುಕಬ್ಬಿಣದ ಬ್ಲಾಕು, ಪಿಸ್ಟನ್ನುಗಳ ತಳಕ್ಕೆ ಎಣ್ಣೆ ಚಿಮ್ಮಿಸಿ ತಂಪಾಗಿಡುವ ನಳಿಕೆಗಳು. 2001ರ ‘ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್’ ಚಿತ್ರದ ಕಿತ್ತಳೆ ಬಣ್ಣದ ಸುಪ್ರಾ ಈ ಎಂಜಿನ್ನಿನ ಹೆಸರನ್ನು ಜಗತ್ತಿನ ಮೂಲೆ ಮೂಲೆಗೆ ಒಯ್ದಿತು, ಅದರ ಬೆಲೆಯನ್ನೂ ಏರಿಸಿತು. ಆದರೆ ಈ ಎಂಜಿನ್ ಹುಟ್ಟಿದ್ದು ಸೆಡಾನಿಗಾಗಿ ಎಂಬುದನ್ನು ಮರೆಯಬಾರದು. 1997ರ ಅರಿಸ್ಟೊಗೆ ಈ ಟರ್ಬೊ ಎಂಜಿನ್ ಬಂದದ್ದು ಆಟೋಮ್ಯಾಟಿಕ್ ಗೇರ್‌ಬಾಕ್ಸಿನೊಂದಿಗೆ ಮಾತ್ರ. 280 ಅಶ್ವಶಕ್ತಿಯ 1ಜೆಝಡ್ ಇದ್ದ ಕ್ರೌನ್ ಅಥ್ಲೀಟ್ ವಿ ಕೂಡ ಆಟೋಮ್ಯಾಟಿಕ್ಕೇ. ಆಟೋಮ್ಯಾಟಿಕ್ ಕಾರಿಗೆ ಇಂಥ ಎಂಜಿನ್ ಒಗ್ಗುವುದಿಲ್ಲ ಎಂಬ ಮಾತು ಹಲವು ಕಡೆ ಕೇಳಿಬರುತ್ತದೆ. ಟೊಯೋಟಾ ತಾನೇ ಮಾಡಿ ಮಾರಿದ ಕಾರುಗಳು ಅದು ಸುಳ್ಳೆಂದು ತೋರಿಸಿವೆ.

ಎಂಜಿನ್ನುಗಳು ಎಲ್ಲಿಂದ ಬರುತ್ತವೆ? ಜಪಾನಿನಲ್ಲಿ ಖಾಸಗಿ ಕಾರು ಕೊಂಡ ಮೂರು ವರ್ಷಕ್ಕೆ ಮೊದಲ ಬಾರಿ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ ‘ಶಾಕೆನ್’ ಎಂಬ ದುಬಾರಿ ತಪಾಸಣೆ ಮಾಡಿಸಬೇಕು. ಹಳೆಯ ಕಾರಿಗೆ ಆ ಖರ್ಚು ಮಾಡುವುದಕ್ಕಿಂತ ಮಾರಿಬಿಡುವುದೇ ಲೇಸೆಂದು ಬಹಳ ಜನ ಭಾವಿಸುತ್ತಾರೆ. ಹೀಗೆ ಬಿಟ್ಟ ಕಾರುಗಳು ಹರಾಜಿಗೆ ಬರುತ್ತವೆ, ಕೆಲವು ಬಿಡಿಭಾಗಗಳಾಗಿ ಹಡಗು ಹತ್ತುತ್ತವೆ. ಮುಂಭಾಗವನ್ನು ಡ್ಯಾಶ್‌ಬೋರ್ಡಿನವರೆಗೆ ಕತ್ತರಿಸಿ, ಎಂಜಿನ್, ಗೇರ್‌ಬಾಕ್ಸು, ವೈರಿಂಗು, ಕಂಪ್ಯೂಟರ್ ಸಮೇತ ಮಾರುವ ತುಂಡಿಗೆ ಮಲೇಷ್ಯಾ, ಆಸ್ಟ್ರೇಲಿಯಾಗಳಲ್ಲಿ ‘ಹಾಫ್ ಕಟ್’ ಎನ್ನುತ್ತಾರೆ. ಅಮೆರಿಕದಲ್ಲಿ ಅದು ‘ಫ್ರಂಟ್ ಕ್ಲಿಪ್’. ಎಂಜಿನ್ ಒಂದನ್ನೇ ಕೊಂಡವನಿಗಿಂತ ಹಾಫ್ ಕಟ್ ಕೊಂಡವನು ಜಾಣ. ಮುಂದೆ ಬೇಕಾಗುವ ನೂರಾರು ಸಣ್ಣ ಸಾಮಾನು, ಕನೆಕ್ಟರು, ಬ್ರ್ಯಾಕೆಟ್ಟು, ಹೋಸ್‌ಗಳು ಒಂದೇ ಕಡೆ ಸಿಗುತ್ತವೆ. ವೈರನ್ನು ಕತ್ತರಿಸದೆ ಎರಡು ತುದಿಯನ್ನೂ ನೋಡಿ ಅರ್ಥ ಮಾಡಿಕೊಳ್ಳಬಹುದು.

ಒಂದು ಕಾರನ್ನೇ ಎದುರಿಗಿಟ್ಟುಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. ಜಪಾನಿನಲ್ಲಿ 1998ರಲ್ಲಿ ಅಲ್ಟೆಝಾ ಎಂಬ ಹೆಸರಿನಲ್ಲಿ ಬಂದ ಕಾರು ಅಮೆರಿಕದಲ್ಲಿ 2001ರ ಮಾದರಿಯಿಂದ ಲೆಕ್ಸಸ್ ಐಎಸ್300 ಆಯಿತು. ಅದರ ಬಾನೆಟ್ಟಿನಡಿ ಇದ್ದದ್ದು ಟರ್ಬೊ ಇಲ್ಲದ 2ಜೆಝಡ್-ಜಿಇ, 215 ಅಶ್ವಶಕ್ತಿಯದು. ಮೊದಲ ವರ್ಷ ಸಿಕ್ಕಿದ್ದು ಐದು ವೇಗದ ಆಟೋಮ್ಯಾಟಿಕ್ ಗೇರ್‌ಬಾಕ್ಸು ಮಾತ್ರ. ಮ್ಯಾನ್ಯುವಲ್ ಬಂದದ್ದು 2002ರ ಮಾದರಿಯಲ್ಲಿ. ಟರ್ಬೊ ಇರುವ ಜಿಟಿಇ ಈ ಕಾರಿನ ಎಂಜಿನ್ನಿನ ಅಣ್ಣ. ಬ್ಲಾಕಿನ ಹೊರ ಅಳತೆ ಅದೇ, ಹಿಂದಿನಿಂದ ಗೇರ್‌ಬಾಕ್ಸ್ ಬಿಗಿಯುವ ಬೋಲ್ಟುಗಳ ಜಾಗವೂ ಅದೇ. ಮೂಲ ಎಂಜಿನ್ನೂ ಆರು ಸಿಲಿಂಡರಿನ ಬೀಡುಕಬ್ಬಿಣದ್ದೇ ಆದ್ದರಿಂದ ಮುಂಭಾಗದ ತೂಕ ಅಷ್ಟೇನೂ ಏರುವುದಿಲ್ಲ. ನಾಲ್ಕು ಸಿಲಿಂಡರಿನ ಅಲ್ಟೆಝಾಗೆ ಇದೇ ಎಂಜಿನ್ ಹಾಕಿದರೆ ಆ ಅನುಕೂಲ ಇಲ್ಲ. ಮೂಗು ಭಾರವಾಗುತ್ತದೆ, ಸ್ಪ್ರಿಂಗೂ ಬದಲಾಗಬೇಕು.

ಇಷ್ಟೆಲ್ಲ ಹೊಂದಿಕೆ ಇದ್ದರೂ ತೊಡಕು ಬರುವುದು ಗೇರ್‌ಬಾಕ್ಸಿನ ಕಂಪ್ಯೂಟರಿನಲ್ಲಿ. ಜಪಾನಿನ ಅರಿಸ್ಟೊದಿಂದ ಬಂದ ಜಿಟಿಇ ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ತನ್ನ ನಾಲ್ಕು ವೇಗದ ಗೇರ್‌ಬಾಕ್ಸನ್ನು ಮಾತ್ರ ಬಲ್ಲದು. ಐಎಸ್300ರಲ್ಲಿರುವುದು ಎ650ಇ ಎಂಬ ಐದು ವೇಗದ್ದು. ಅದರ ಅನುಪಾತಗಳು ಬೇರೆ, ಸೊಲೆನಾಯ್ಡು ಎಂಬ ವಿದ್ಯುತ್ ಕವಾಟಗಳನ್ನು ತೆರೆದು ಮುಚ್ಚುವ ಕ್ರಮ ಬೇರೆ. ಅರಿಸ್ಟೊ ಇಸಿಯು ಅದಕ್ಕೆ ಆಜ್ಞೆ ಕೊಡಲಾರದು. ಇನ್ನು ಲೆಕ್ಸಸ್ಸಿನ ಇಸಿಯು ಉಳಿಸಿಕೊಳ್ಳೋಣವೆಂದರೆ, ಟರ್ಬೊ ಒತ್ತಡದ ಗಾಳಿಗೆ ಎಷ್ಟು ಪೆಟ್ರೋಲ್ ಬೇಕೆಂದು ಅದಕ್ಕೆ ಗೊತ್ತಿಲ್ಲ. ಕೀಲಿಯ ಚಿಪ್ಪನ್ನು ಗುರುತಿಸದೆ ಎಂಜಿನ್ ಚಾಲೂ ಮಾಡಲೂ ಬಿಡುವುದಿಲ್ಲ. ಆದ್ದರಿಂದ ಕಟ್ಟುವವರು ಅರಿಸ್ಟೊದ ಎಂಜಿನ್, ಗೇರ್‌ಬಾಕ್ಸು, ಇಸಿಯು ಮೂರನ್ನೂ ಒಟ್ಟಿಗೆ ಹಾಕಿ, ಪ್ರೊಪೆಲ್ಲರ್ ಶಾಫ್ಟ್ ಮತ್ತು ಗೇರ್‌ಬಾಕ್ಸಿನ ಮೌಂಟನ್ನು ತಿದ್ದುತ್ತಾರೆ. ಇಲ್ಲವೇ ಎಂಜಿನ್ನಿಗೊಂದು ಸ್ವತಂತ್ರ ಇಸಿಯು, ಗೇರ್‌ಬಾಕ್ಸಿಗೊಂದು ಪ್ರತ್ಯೇಕ ನಿಯಂತ್ರಕ ಹಾಕಿ ಎರಡನ್ನೂ ಮಾತಾಡಿಸುತ್ತಾರೆ. ಮೊದಲ ದಾರಿ ನಿಧಾನದ್ದು, ಆದರೆ ಕಾರ್ಖಾನೆಯ ನಯ ಉಳಿಯುತ್ತದೆ. ದಿನನಿತ್ಯ ಓಡಿಸುವ ಕಾರಿಗೆ ಅದೇ ಮೇಲು.

ಈ ‘ಮಾತು’ ಎಂದರೇನು ಎಂದು ತಿಳಿದರೆ ಅದರ ಮಹತ್ವ ಗೊತ್ತಾಗುತ್ತದೆ. ಟೊಯೋಟಾದ ಈ ಪೀಳಿಗೆಯ ಕಾರುಗಳಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಒಂದೇ ಕಂಪ್ಯೂಟರ್. ಎರಡನೇ ಗೇರಿನಿಂದ ಮೂರಕ್ಕೆ ಹೋಗುವ ಆ ಅರೆಕ್ಷಣದಲ್ಲಿ ಅದು ಇಗ್ನಿಷನ್ನಿನ ಕಿಡಿಯನ್ನು ತುಸು ತಡವಾಗಿ ಹಾರಿಸಿ ಎಂಜಿನ್ನಿನ ಬಲವನ್ನು ತಗ್ಗಿಸುತ್ತದೆ. ಒಳಗಿನ ಕ್ಲಚ್ ಪ್ಲೇಟುಗಳು ಜಾರದೆ ಕಚ್ಚಿಕೊಂಡ ಮೇಲೆ ಮತ್ತೆ ಪೂರ್ತಿ ಬಲ ಬಿಡುತ್ತದೆ. ಮ್ಯಾನ್ಯುವಲ್ ಕಾರಿನ ಇಸಿಯು ಅಗ್ಗಕ್ಕೆ ಸಿಕ್ಕಿತೆಂದು ಹಾಕಿಕೊಂಡವರ ಕಾರಿನಲ್ಲಿ ಈ ಸೌಜನ್ಯವೂ ಇಲ್ಲ, ಗೇರು ಬದಲಿಸುವ ಆಜ್ಞೆಯೂ ಇಲ್ಲ. ಎ340ಇ ಸರಣಿಯ ಹಳೆಯ ಗೇರ್‌ಬಾಕ್ಸುಗಳಲ್ಲಿ ಥ್ರಾಟಲಿನಿಂದ ಗೇರ್‌ಬಾಕ್ಸಿಗೆ ಹೋಗುವ ಒಂದು ಸಣ್ಣ ಕೇಬಲ್ಲೂ ಇದೆ. ಆಕ್ಸೆಲರೇಟರ್ ಎಷ್ಟು ಒತ್ತಿದ್ದೀರಿ ಎಂಬುದಕ್ಕೆ ತಕ್ಕಂತೆ ಒಳಗಿನ ಎಣ್ಣೆಯ ಒತ್ತಡವನ್ನು ಏರಿಸುವುದು ಅದರ ಕೆಲಸ. ಹೊಸ ಎಂಜಿನ್ನಿನ ಥ್ರಾಟಲ್ ಬಾಡಿ ಬೇರೆಯಾಗಿ ಆ ಕೇಬಲ್ ಸಡಿಲವಾಗಿ ಉಳಿಯಿತೆಂದರೆ, ಪೂರ್ತಿ ಬಲದಲ್ಲೂ ಒತ್ತಡ ಕಡಿಮೆಯೇ ಇದ್ದು ಪ್ಲೇಟುಗಳು ಸುಟ್ಟುಹೋಗುತ್ತವೆ. ಕಾರಿಗೆ ಹಾಕಿದ ಲಕ್ಷಾಂತರ ರೂಪಾಯಿ ಒಂದು ಕೇಬಲ್ಲಿನ ತುದಿಯಲ್ಲಿ ತೂಗುತ್ತಿರುತ್ತದೆ ಎಂದರೆ ಹೆಚ್ಚಲ್ಲ.

ಈ ಎ340 ಬಳಗವನ್ನು ಮಾಡಿದ್ದು ಐಸಿನ್ ಬಳಗದ ಕಂಪನಿ. 1969ರಲ್ಲಿ ಜಪಾನಿನ ಐಸಿನ್ ಸೈಕಿ ಮತ್ತು ಅಮೆರಿಕದ ಬೋರ್ಗ್‌ವಾರ್ನರ್ ಸೇರಿ ಕಟ್ಟಿದ ಸಂಸ್ಥೆ ಅದು. ಇದೇ ಗೇರ್‌ಬಾಕ್ಸು ಸುಪ್ರಾದಲ್ಲೂ ಇತ್ತು, ಎಡಬ್ಲ್ಯೂ4 ಎಂಬ ಹೆಸರಿನಲ್ಲಿ ಅಮೆರಿಕದ ಜೀಪ್ ಚೆರೋಕಿಯಲ್ಲೂ ಇತ್ತು. ಗುಡ್ಡ ಹತ್ತುವ ಜೀಪನ್ನೂ ಸ್ಪೋರ್ಟ್ಸ್ ಕಾರನ್ನೂ ಹೊತ್ತ ಗೇರ್‌ಬಾಕ್ಸನ್ನು ದುರ್ಬಲ ಎನ್ನಲಾಗದು.

ಹಾಗೆಂದು ಮಿತಿ ಇಲ್ಲವೆಂದಲ್ಲ. ತಯಾರಕರೇ ಆ ಮಿತಿಯನ್ನು ಅಂಕಿಗಳಲ್ಲಿ ತೋರಿಸಿಕೊಟ್ಟಿದ್ದಾರೆ. ಸುಬಾರು ಲೆಗಸಿ ಬಿ4 ಆರ್‌ಎಸ್‌ಕೆ ಮ್ಯಾನ್ಯುವಲ್ಲಿನಲ್ಲಿ 280 ಅಶ್ವಶಕ್ತಿ, ಆಟೋಮ್ಯಾಟಿಕ್ಕಿನಲ್ಲಿ 260. ಮಿತ್ಸುಬಿಷಿ 2002ರಲ್ಲಿ ಲ್ಯಾನ್ಸರ್ ಎವಲ್ಯೂಷನ್ 7ಕ್ಕೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಹಾಕಿ ಜಿಟಿ-ಎ ಎಂದು ಹೆಸರಿಟ್ಟಾಗ ಬಲವನ್ನು 272ಕ್ಕೆ ಇಳಿಸಿತು. ಅಲ್ಟೆಝಾ ಆರ್‌ಎಸ್200 ಆರು ವೇಗದ ಮ್ಯಾನ್ಯುವಲ್ಲಿನಲ್ಲಿ 210, ಆಟೋಮ್ಯಾಟಿಕ್ಕಿನಲ್ಲಿ 200. ಬಲ ಏರಿಸುವ ಆಸೆಯಲ್ಲಿರುವವರು ಈ ಮೂರು ಅಂಕಿಗಳನ್ನು ಗೋಡೆಗೆ ಅಂಟಿಸಿಟ್ಟುಕೊಳ್ಳಬೇಕು.

ಆಟೋಮ್ಯಾಟಿಕ್ಕಿನ ನಿಜವಾದ ಶತ್ರು ಬಿಸಿ. ಎಂಜಿನ್ ಮತ್ತು ಗೇರ್‌ಬಾಕ್ಸಿನ ನಡುವೆ ಕ್ಲಚ್ಚಿನ ಜಾಗದಲ್ಲಿರುವುದು ಟಾರ್ಕ್ ಕನ್ವರ್ಟರ್. ಎಣ್ಣೆ ತುಂಬಿದ ಮುಚ್ಚಿದ ಡಬ್ಬಿಯಂಥ ಅದರೊಳಗೆ ಎಂಜಿನ್ ತಿರುಗಿಸುವ ರೆಕ್ಕೆಗಳು ಎಣ್ಣೆಯನ್ನು ಎಸೆಯುತ್ತವೆ, ಎದುರಿನ ರೆಕ್ಕೆಗಳು ಆ ಎಣ್ಣೆಯ ರಭಸಕ್ಕೆ ತಿರುಗಿ ಗೇರ್‌ಬಾಕ್ಸನ್ನು ನಡೆಸುತ್ತವೆ. ನಿಂತಲ್ಲಿಂದ ಹೊರಡುವಾಗ ಇದು ಎಂಜಿನ್ನಿನ ಟಾರ್ಕನ್ನು ಸುಮಾರು ಎರಡು ಪಟ್ಟು ಮಾಡಿ ಕೊಡುತ್ತದೆ. ಆಟೋಮ್ಯಾಟಿಕ್ ಕಾರು ಸಿಗ್ನಲ್ಲಿನಿಂದ ಅಷ್ಟು ಸಲೀಸಾಗಿ ಜಿಗಿಯುವುದು ಅದಕ್ಕೇ. ಆದರೆ ಎರಡೂ ಬದಿ ಒಂದೇ ವೇಗದಲ್ಲಿ ತಿರುಗದಿರುವಷ್ಟು ಹೊತ್ತು ವ್ಯತ್ಯಾಸವೆಲ್ಲ ಎಣ್ಣೆಯಲ್ಲಿ ಬಿಸಿಯಾಗಿ ಕೂಡಿಕೊಳ್ಳುತ್ತದೆ. ಮೂಲ ಕಾರಿನಲ್ಲಿ ಆ ಎಣ್ಣೆ ತಣಿಯುವುದು ರೇಡಿಯೇಟರಿನ ತೊಟ್ಟಿಯೊಳಗಿನ ಚಿಕ್ಕ ಕೊಳವೆಯಲ್ಲಿ. ಎಂಜಿನ್ನಿನ ಬಲ ಅರ್ಧದಷ್ಟು ಏರಿದ ಮೇಲೆ ಅದು ಸಾಲದು. ಮುಂದೆ ಗಾಳಿಗೆ ಒಡ್ಡಿದ, ಗೇರ್‌ಬಾಕ್ಸಿನ ಎಣ್ಣೆ (ಎಟಿಎಫ್) ತಣಿಸುವ ಪ್ರತ್ಯೇಕ ಕೂಲರು, ಉಷ್ಣತೆ ತೋರಿಸುವ ಮೀಟರು, ತಯಾರಕರು ಹೇಳಿದ ದರ್ಜೆಯದೇ ಎಣ್ಣೆ ಇವು ಅಲಂಕಾರಗಳಲ್ಲ. ಎಣ್ಣೆಯ ಬಿಸಿ 120 ಡಿಗ್ರಿ ದಾಟಿ ಪದೇ ಪದೇ ಹೋಗುತ್ತಿದ್ದರೆ ಅದು ಬೇಗ ಕಪ್ಪಾಗುತ್ತದೆ, ಸುಟ್ಟ ವಾಸನೆ ಬರುತ್ತದೆ; ಸೀಲುಗಳು ಗಡುಸಾಗುತ್ತವೆ.

ಬಿಸಿ ಎಷ್ಟು ಕ್ರೂರ ಎಂಬುದಕ್ಕೆ ಕಾರ್ಖಾನೆಯದೇ ಉದಾಹರಣೆ ಇದೆ. 2004ರಲ್ಲಿ ಹೋಂಡಾ ಅಮೆರಿಕದಲ್ಲಿ ಐದು ವೇಗದ ಆಟೋಮ್ಯಾಟಿಕ್ ಇದ್ದ 10 ಲಕ್ಷಕ್ಕೂ ಹೆಚ್ಚು ವಾಹನಗಳನ್ನು ಹಿಂದಕ್ಕೆ ಕರೆಯಿತು. ಎರಡನೇ ಗೇರಿಗೆ ಸಾಕಷ್ಟು ಎಣ್ಣೆ ತಲುಪದೆ ಅದು ಕಾದು ಹಲ್ಲು ಮುರಿಯುವ ಅಪಾಯವಿತ್ತು. ಪರಿಹಾರವಾಗಿ ಹಾಕಿದ್ದು ಆ ಗೇರಿನ ಮೇಲೆ ಎಣ್ಣೆ ಚಿಮ್ಮಿಸುವ ಸಣ್ಣ ವ್ಯವಸ್ಥೆ.

ಕೆಲಸ ನಡೆಯುವಾಗ ಎಚ್ಚರ ತಪ್ಪುವ ಒಂದು ಗಳಿಗೆಯನ್ನು ಹತ್ತಿರದಿಂದ ನೋಡಬಹುದು. ಎಂಜಿನ್ನೂ ಗೇರ್‌ಬಾಕ್ಸೂ ನೆಲದ ಮೇಲಿವೆ, ಜೋಡಿಸಬೇಕು. ಟಾರ್ಕ್ ಕನ್ವರ್ಟರನ್ನು ಮೊದಲು ಗೇರ್‌ಬಾಕ್ಸಿನ ಒಳಕ್ಕೆ ಕೂರಿಸಬೇಕು. ಕೈಯಲ್ಲಿ ಹಿಡಿದು ತಿರುಗಿಸುತ್ತಾ ಒಳಕ್ಕೆ ತಳ್ಳಿದರೆ ಅದು ಒಮ್ಮೆ ಕುಸಿದು ನಿಲ್ಲುತ್ತದೆ, ಇನ್ನಷ್ಟು ತಿರುಗಿಸಿದರೆ ಮತ್ತೊಮ್ಮೆ ಕುಸಿಯುತ್ತದೆ. ಮೊದಲಿಗೆ ಶಾಫ್ಟುಗಳ ಹಲ್ಲು, ಕೊನೆಗೆ ಆಯಿಲ್ ಪಂಪಿನ ಕಚ್ಚು. ಎಲ್ಲವೂ ಕೂತ ಮೇಲೆ ಗೇರ್‌ಬಾಕ್ಸಿನ ಗಂಟೆಯಾಕಾರದ ಬಾಯಿಯಾದ ಬೆಲ್ ಹೌಸಿಂಗಿನ ಅಂಚಿಗೆ ಅಡ್ಡಲಾಗಿ ನೇರಪಟ್ಟಿ ಇಟ್ಟು, ಕನ್ವರ್ಟರ್ ಎಷ್ಟು ಒಳಗಿದೆ ಎಂದು ಅಳೆದು ಸರ್ವಿಸ್ ಮ್ಯಾನ್ಯುವಲ್ಲಿನ ಅಂಕಿಯೊಂದಿಗೆ ಹೋಲಿಸಬೇಕು. ಕೊನೆಯ ಕುಸಿತ ಆಗದೆಯೇ ಆಗಿದೆಯೆಂದುಕೊಂಡು ಹೌಸಿಂಗಿನ ಬೋಲ್ಟುಗಳನ್ನು ಬಿಗಿದರೆ ಆಯಿಲ್ ಪಂಪು ನುಜ್ಜುಗುಜ್ಜಾಗುತ್ತದೆ. ಎಂಜಿನ್ ಚಾಲೂ ಆಗುತ್ತದೆ, ಗೇರು ಮಾತ್ರ ಬೀಳುವುದಿಲ್ಲ. ಆಮೇಲೆ ಎಲ್ಲವನ್ನೂ ಮತ್ತೆ ಕೆಳಗಿಳಿಸಬೇಕು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ತೆರಪು ಉಳಿದಿದ್ದರೆ ಬೋಲ್ಟಿನಿಂದ ಎಳೆದು ಮುಚ್ಚಬಾರದು ಎಂದು ಹಳೆಯ ಮೆಕ್ಯಾನಿಕ್ಕುಗಳು ಹೇಳುವುದು ಇದಕ್ಕೇ. ಕೈಯಿಂದ ಒತ್ತಿದರೆ ಕೂಡಿಕೊಳ್ಳಬೇಕು.

ಉಳಿದ ಕೆಲಸಗಳು ಹೆಚ್ಚು ಪರಿಚಿತ. ಎಣ್ಣೆಯ ಸಂಪಿನ ಆಕಾರ ಕಾರಿನಿಂದ ಕಾರಿಗೆ ಬದಲಾಗುತ್ತದೆ. ಆಳದ ಭಾಗ ಮುಂದಿದೆಯೋ ಹಿಂದಿದೆಯೋ ಎಂಬುದು ಕೆಳಗಿನ ಅಡ್ಡತೊಲೆಗೆ ಹೊಂದಬೇಕು, ಇಲ್ಲವಾದರೆ ಸಂಪನ್ನೂ ಎಣ್ಣೆ ಹೀರುವ ನಳಿಕೆಯನ್ನೂ ಬದಲಿಸಬೇಕು. ಪೆಟ್ರೋಲ್ ಪಂಪು ದೊಡ್ಡದಾಗಬೇಕು. ಟರ್ಬೊದಿಂದ ಬರುವ ಬಿಸಿಗಾಳಿ ತಣಿಸುವ ಇಂಟರ್‌ಕೂಲರಿಗೆ ಮುಂದೆ ಜಾಗ ಬೇಕು. ಅದರ ಹಿಂದೆ ಎಸಿ ಕಂಡೆನ್ಸರು, ರೇಡಿಯೇಟರು, ಈಗ ಎಟಿಎಫ್ ಕೂಲರೂ ಸೇರಿ ಗಾಳಿಗಾಗಿ ಪೈಪೋಟಿ ನಡೆಸುತ್ತವೆ. ಡಿಫರೆನ್ಷಿಯಲ್ಲು, ಹಿಂದಿನ ಆಕ್ಸಲ್ಲು ಹೊಸ ಬಲ ತಡೆಯಬೇಕು. ಬ್ರೇಕಿಗೆ ಕೈಹಾಕದೆ ಎಂಜಿನ್ ಮಾತ್ರ ಬದಲಿಸುವವರು ತಮ್ಮ ಜೀವವನ್ನಷ್ಟೇ ಅಲ್ಲ, ರಸ್ತೆಯಲ್ಲಿರುವ ಬೇರೆಯವರ ಜೀವವನ್ನೂ ಪಣಕ್ಕಿಡುತ್ತಾರೆ. ಮಾರ್ಕ್ 2 ಬಳಗದಲ್ಲಾದರೆ ಟೂರರ್ ವಿ ದರ್ಜೆಯ ದೊಡ್ಡ ಡಿಸ್ಕುಗಳನ್ನೇ ತಂದು ಹಾಕುವುದು ನೇರ ದಾರಿ.

ಪಾರ್ಕ್–ನ್ಯೂಟ್ರಲ್ ಸ್ವಿಚ್ಚಿನ ವಿಷಯವೂ ಇಲ್ಲೇ ಬರಬೇಕು. ಲಿವರ್ ‘ಡಿ’ಯಲ್ಲಿದ್ದಾಗ ಸ್ಟಾರ್ಟರ್ ತಿರುಗದಂತೆ ತಡೆಯುವುದು ಅದು. ವೈರಿಂಗ್ ಬೆಸೆಯುವಾಗ ತಲೆನೋವೆಂದು ಅದನ್ನು ಬೈಪಾಸ್ ಮಾಡಿ ಬಿಟ್ಟ ಕಾರುಗಳಿವೆ. ಗ್ಯಾರೇಜಿನಲ್ಲಿ ಕಿಟಕಿಯಿಂದ ಕೈಹಾಕಿ ಕೀಲಿ ತಿರುಗಿಸಿದರೆ ಕಾರು ಎದುರಿಗೆ ನಿಂತವನ ಮೇಲೆ ನುಗ್ಗುತ್ತದೆ. ಈ ಒಂದು ವೈರನ್ನು ಯಾವ ಕಾರಣಕ್ಕೂ ತಪ್ಪಿಸಬಾರದು.

ಎಂಜಿನ್ ಬದಲಿಸದೆ ಇರುವ ಎಂಜಿನ್ನಿಗೇ ಟರ್ಬೊ ಜೋಡಿಸುವ ಇನ್ನೊಂದು ದಾರಿಯೂ ಉಂಟು. ಐಎಸ್300ರ ಜಿಇ ಎಂಜಿನ್ನಿನ ಕಂಪ್ರೆಷನ್ ಅನುಪಾತ 10.5; ಜಿಟಿಇಯದು 8.5. ದಪ್ಪ ಹೆಡ್ ಗ್ಯಾಸ್ಕೆಟ್ ಹಾಕಿ ಅನುಪಾತ ಇಳಿಸಿ, ಕಡಿಮೆ ಒತ್ತಡದ ಟರ್ಬೊದೊಂದಿಗೆ ಓಡಿಸುತ್ತಾರೆ. ವೈರಿಂಗ್ ಬಹುಪಾಲು ಉಳಿಯುತ್ತದೆ, ಗೇರ್‌ಬಾಕ್ಸೂ ತನ್ನ ಕಂಪ್ಯೂಟರಿನೊಂದಿಗೇ ಇರುತ್ತದೆ. ಆದರೆ ಪಿಸ್ಟನ್ ತಣಿಸುವ ಎಣ್ಣೆ ನಳಿಕೆಗಳಂಥ ಒಳಗಿನ ಬಲ ಅದಕ್ಕಿಲ್ಲ. ಮಿತಿಯಲ್ಲಿರುವವರಿಗೆ ಸರಿ, ಆಸೆ ಬೆಳೆಸಿಕೊಳ್ಳುವವರಿಗಲ್ಲ.

ಮುಂಚಕ್ರ ಚಾಲನೆಯ ಕಾರುಗಳಲ್ಲಿ ಲೆಕ್ಕ ಬೇರೆ. ಹೋಂಡಾದ ಹಳೆಯ ಬಿ ಸರಣಿಯ ಎಂಜಿನ್ನುಗಳು ಬೇರೆ ಕಂಪನಿಗಳ ಎಂಜಿನ್ನುಗಳಿಗೆ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತಿದ್ದವು. 2001ರ ಸುಮಾರಿಗೆ ಬಂದ ಕೆ ಸರಣಿ ದಿಕ್ಕು ಬದಲಿಸಿತು, ಎಂಜಿನ್ ಕೂರುವ ಬದಿಯೂ ಬದಲಾಯಿತು. ಹಾಗಾಗಿ ಹಳೆಯ ಸಿವಿಕ್ಕಿಗೆ ಕೆ20 ಹಾಕಬೇಕಾದರೆ ಮೌಂಟುಗಳನ್ನು ಹೊಸದಾಗಿಯೇ ಮಾಡಿಸಬೇಕು. ಹೋಂಡಾದ ಆಟೋಮ್ಯಾಟಿಕ್ಕು ಕೂಡ ಬೇರೆಯವರಂತೆ ಗ್ರಹಗೇರುಗಳದ್ದಲ್ಲ, ಪಕ್ಕಪಕ್ಕದ ಶಾಫ್ಟುಗಳದ್ದು. ಇಂಥ ಕಾರುಗಳಲ್ಲಿ ಹೆಚ್ಚಿನವರು ಆಟೋಮ್ಯಾಟಿಕ್ ಬಿಟ್ಟು ಮ್ಯಾನ್ಯುವಲ್ಲಿಗೆ ಹೋಗಲು ಅದೂ ಒಂದು ಕಾರಣ.

ಹಿಂಚಕ್ರದ ಕಾರುಗಳಲ್ಲೂ ಮ್ಯಾನ್ಯುವಲ್ಲಿಗೆ ಹೋಗುವ ಸೆಳೆತ ಬಲವಾಗಿಯೇ ಇದೆ. ಟೊಯೋಟಾದ ಆರ್154 ಎಂಬ ಐದು ವೇಗದ ಗೇರ್‌ಬಾಕ್ಸು ಅದಕ್ಕೆ ಕೇಳಿಬರುವ ಹೆಸರು. ಡ್ರಿಫ್ಟ್ ಪಂದ್ಯಗಳಿಗೆ ಕ್ಲಚ್ ಬೇಕೇ ಬೇಕು, ಅದರ ಬಗ್ಗೆ ವಾದವಿಲ್ಲ. ಆದರೆ ನೇರ ಓಟದ ಡ್ರ್ಯಾಗ್ ಪಂದ್ಯಗಳಲ್ಲಿ ಚಿತ್ರ ತಿರುಗುಮುರುಗು. ಅಲ್ಲಿ ಸಾವಿರ ಅಶ್ವಶಕ್ತಿ ಮೀರಿದ 2ಜೆಝಡ್‌ಗಳ ಹಿಂದೆ ಜನರಲ್ ಮೋಟಾರ್ಸಿನ ಪವರ್‌ಗ್ಲೈಡ್, ಟರ್ಬೊ 400ರಂಥ ಹಳೆಯ ಆಟೋಮ್ಯಾಟಿಕ್ಕುಗಳನ್ನೇ ಅಡಾಪ್ಟರ್ ಹಾಕಿ ಜೋಡಿಸುತ್ತಾರೆ. ಗೇರು ಬದಲಾಗುವಾಗ ಬಲ ಕಡಿಯದೆ ಹರಿಯುವುದು, ಕನ್ವರ್ಟರಿನ ಸ್ಲಿಪ್ಪಿನಲ್ಲೇ ಟರ್ಬೊ ಒತ್ತಡ ಕಟ್ಟಿಕೊಳ್ಳುವುದು ಅವರಿಗೆ ಬೇಕಾದ ಗುಣ. ಈಚೆಗೆ ಬಿಎಂಡಬ್ಲ್ಯೂ ಕಾರುಗಳಲ್ಲಿ ಬರುವ ಝಡ್‌ಎಫ್ ಕಂಪನಿಯ ಎಂಟು ವೇಗದ 8ಎಚ್‌ಪಿ ಗೇರ್‌ಬಾಕ್ಸನ್ನು ಹಳೆಯ ಟೊಯೋಟಾ ಎಂಜಿನ್ನಿಗೆ ಜೋಡಿಸುವುದು ಜನಪ್ರಿಯವಾಗುತ್ತಿದೆ. ಅದಕ್ಕೆಂದೇ ಸ್ವತಂತ್ರ ನಿಯಂತ್ರಕಗಳು ಸಿಗುತ್ತವೆ. 2019ರಲ್ಲಿ ಮರಳಿ ಬಂದ ಸುಪ್ರಾ ಕೂಡ ಇದೇ ಬಳಗದ ಆಟೋಮ್ಯಾಟಿಕ್ಕಿನೊಂದಿಗೆ ಮಾತ್ರ ಬಂತು, ಮ್ಯಾನ್ಯುವಲ್ ಸೇರಿದ್ದು 2022ರಲ್ಲಿ. ಸೆಡಾನಿನಲ್ಲಿ ಆಟೋಮ್ಯಾಟಿಕ್ ಉಳಿಸಿಕೊಳ್ಳುವವರು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ.

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಜಪಾನಿನಲ್ಲಿ ಬೇರೆ ಮಾದರಿಯ ಎಂಜಿನ್ ಹಾಕಿದರೆ ಬದಲಾವಣೆಯನ್ನು ದಾಖಲಿಸಿ ತಪಾಸಣೆಗೆ ಒಪ್ಪಿಸಬೇಕು. ಸಿಸಿ ಏರಿದರೆ ವಾರ್ಷಿಕ ತೆರಿಗೆಯೂ ಏರುತ್ತದೆ, ಅದು ಬಹುಮಟ್ಟಿಗೆ 500 ಸಿಸಿಗೊಂದು ಹಂತದಂತೆ ನಿಗದಿಯಾಗಿದೆ. ನ್ಯೂಜಿಲೆಂಡಿನಲ್ಲಿ ಪರಿಣತರು ನೋಡಿ ಒಪ್ಪಿದ ಮೇಲೆ ಕಾರಿಗೊಂದು ಪ್ರಮಾಣ ಫಲಕ ಹಚ್ಚುತ್ತಾರೆ. ಕ್ಯಾಲಿಫೋರ್ನಿಯಾದ ನಿಯಮ ಇನ್ನೂ ಬಿಗಿ. ಹಾಕುವ ಎಂಜಿನ್ ಕಾರಿನಷ್ಟೇ ಹೊಸದು ಇಲ್ಲವೇ ಅದಕ್ಕಿಂತ ಹೊಸದಾಗಿರಬೇಕು, ಹೊಗೆ ನಿಯಂತ್ರಣದ ಎಲ್ಲ ಸಾಧನಗಳೂ ಅದರೊಂದಿಗೆ ಬರಬೇಕು, ರೆಫರಿ ಎಂದು ಕರೆಯುವ ಅಧಿಕೃತ ಪರಿಶೀಲಕರು ಒಪ್ಪಬೇಕು.

ಭಾರತಕ್ಕೂ ಜಪಾನಿ ಎಂಜಿನ್ ಬದಲಾವಣೆ ಹೊಸತಲ್ಲ, ಮೊದಲು ಮಾಡಿದ್ದು ಕಾರ್ಖಾನೆಗಳೇ. ಫಿಯೆಟ್ 124ರ ಬಾಡಿಗೆ ನಿಸಾನಿನ 1,171 ಸಿಸಿ ಎಂಜಿನ್ ಹಾಕಿ 1985ರಲ್ಲಿ ಪ್ರೀಮಿಯರ್ 118ಎನ್‌ಇ ಬಂತು. ಹಿಂದೂಸ್ತಾನ್ ಮೋಟಾರ್ಸ್ ತನ್ನ ಕಾಂಟೆಸ್ಸಾಗೂ ಆಮೇಲೆ 1992ರಲ್ಲಿ ಅಂಬಾಸಿಡರಿಗೂ ಇಸುಝುವಿನ 1.8 ಲೀಟರ್ ಎಂಜಿನ್ ಏರಿಸಿತು. ಬ್ರಿಟಿಷ್ ಮೂಲದ ಬಾಡಿಯಲ್ಲಿ ಜಪಾನಿ ಎಂಜಿನ್ನಿನ ಆ ಅಂಬಾಸಿಡರ್ ಕರ್ನಾಟಕದ ರಸ್ತೆಗಳಲ್ಲಿ ಬಹುಕಾಲ ಸರ್ಕಾರಿ ಕಾರಾಗಿ, ಟ್ಯಾಕ್ಸಿಯಾಗಿ ಓಡಿತು. ಜೆಝಡ್ ಎಂಜಿನ್ನಿನ ಸೆಡಾನುಗಳು ಮಾತ್ರ ಇಲ್ಲಿ ಅಧಿಕೃತವಾಗಿ ಮಾರಾಟಕ್ಕೆ ಬರಲಿಲ್ಲ. ಬಿಡದಿಯ ಟೊಯೋಟಾ ಕಾರ್ಖಾನೆ 2003ರಲ್ಲಿ ಕೊರೊಲಾ ಹೊರತಂದಾಗ ಅದರಲ್ಲಿದ್ದದ್ದು ನಾಲ್ಕು ಸಿಲಿಂಡರಿನ 1.8 ಲೀಟರ್ ಎಂಜಿನ್. ಲೆಕ್ಸಸ್ ಭಾರತಕ್ಕೆ ಬಂದದ್ದೇ 2017ರಲ್ಲಿ.

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳನ್ನೋ ಶಿವಾಜಿನಗರದ ಗುಜರಿ ಸಾಲನ್ನೋ ಸುತ್ತಿ ಬಂದವರಿಗೆ ಯಾವ ಸಾಮಾನಾದರೂ ಸಿಕ್ಕೀತು ಎನಿಸಬಹುದು. ಆದರೆ ಸಾಮಾನು ಸಿಗುವುದು ಒಂದು, ಕಾರು ರಸ್ತೆಗೆ ಇಳಿಯುವುದು ಇನ್ನೊಂದು. ಎಂಜಿನ್ ನಂಬರ್ ಆರ್‌ಸಿಯಲ್ಲಿ ನಮೂದಾಗಿರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಬದಲಿಸುವಂತಿಲ್ಲ. ಸಿಎನ್‌ಜಿ, ವಿದ್ಯುತ್‌ನಂಥ ಬೇರೆ ಇಂಧನಕ್ಕೆ ಪರಿವರ್ತಿಸುವ ಕಿಟ್ಟುಗಳಿಗೆ ನಿಯಮಬದ್ಧ ದಾರಿಯಿದೆ. ಹೆಚ್ಚು ಬಲಕ್ಕಾಗಿ ಬೇರೆ ಕಾರಿನ ಎಂಜಿನ್ ಏರಿಸುವುದು ಅದರಲ್ಲಿ ಸೇರುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳ ಹೈಕೋರ್ಟಿನ ತೀರ್ಪೊಂದನ್ನು ತಳ್ಳಿಹಾಕಿ ಈ ಕಲಮನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂದಿತು. ಅದೇ ವರ್ಷದ ತಿದ್ದುಪಡಿ ಇಂಥ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗಿನ ಸೆರೆ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಅಪಘಾತವಾದರೆ ವಿಮೆಯ ಕ್ಲೇಮಿಗೂ ಕುತ್ತು ಬರುತ್ತದೆ.

ಆದ್ದರಿಂದ ಇಂಥ ಕಾರಿನ ಆಸೆಯಿರುವ ಇಲ್ಲಿನ ಓದುಗರು ಎಂಜಿನ್ನಿಗೆ ಮುಂಗಡ ಕೊಡುವ ಮೊದಲು ತಮ್ಮ ಆರ್‌ಟಿಒ ಕಚೇರಿಯಿಂದ ಬರಹದಲ್ಲಿ ಉತ್ತರ ಪಡೆಯಬೇಕು. ಒಪ್ಪಿಗೆ ಸಿಗದಿದ್ದರೆ ಕಾರನ್ನು ಟ್ರೈಲರಿನಲ್ಲಿ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಅಥವಾ ಕೊಯಮತ್ತೂರಿನ ಟ್ರ್ಯಾಕಿಗೆ ಒಯ್ದು ಓಡಿಸಬಹುದು. ಸಾರ್ವಜನಿಕ ರಸ್ತೆಗೆ ಅದನ್ನು ತರಬೇಡಿ.